ಅಕ್ಕನ ಮನೆಯ ಪಡುಬದಿ: 18,600 ರೂಪಾಯಿಯಲ್ಲಿ ಬಾಗಿಲು ಕಿಟಕಿ ಗಟ್ಟಿ ಮಾಡಿದ ಪ್ರಕರಣ

ನನ್ನ ಅಕ್ಕನ ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳ ಮತ್ತು ಮಂಜೇಶ್ವರದ ನಡುವೆ, ಸಮುದ್ರದಿಂದ ಸುಮಾರು ಅರ್ಧ ಕಿಲೋಮೀಟರು ಒಳಗೆ. ಭಾವ ಗಲ್ಫ್‌ನಲ್ಲಿ. ಮನೆಯಲ್ಲಿ ಇರುವುದು ಅಕ್ಕ, ಅವಳ ಅತ್ತೆ, ಹೈಸ್ಕೂಲು ಓದುವ ಮಗಳು. ಮುಂದಿನ ಭಾಗಕ್ಕೆ ತಾರಸಿ, ಹಿಂದೆ ಅಡುಗೆಮನೆ ಮತ್ತು ಉಗ್ರಾಣಕ್ಕೆ ಹಂಚಿನ ಮಾಡು. ಗೋಡೆ ಪೂರ್ತಿ ಮುರಕಲ್ಲು, ಅಂದರೆ ನಮ್ಮ ಕೆಂಪುಕಲ್ಲು. ಹನ್ನೊಂದು ಕಿಟಕಿ, ಮೂರು ಬಾಗಿಲು. ಈ ಲೆಕ್ಕ ಮುಂದೆ ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿದೆ.

2021ರ ಮೇ ತಿಂಗಳು. ತೌಕ್ತೆ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಉತ್ತರಕ್ಕೆ ಹೊರಟಿತ್ತು. ಅದು ನಮ್ಮ ದಡಕ್ಕೆ ಬರಲೇ ಇಲ್ಲ, ದೂರದಲ್ಲೇ ಹಾದು ಹೋಗಿ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಆದರೆ ಹಾದು ಹೋಗುವಾಗಿನ ಅಂಚಿನ ಗಾಳಿಯೇ ನಮಗೆ ಸಾಕಾಯಿತು. ಉಪ್ಪಳದ ಮುಸೋಡಿಯಲ್ಲಿ ಎರಡು ಮಹಡಿಯ ಮನೆಯೊಂದು ಕಡಲ್ಕೊರೆತಕ್ಕೆ ಕುಸಿದು ಬೀಳುವ ವಿಡಿಯೊ ನಿಮ್ಮಲ್ಲಿ ಹಲವರು ನೋಡಿರಬಹುದು. ಅಕ್ಕನ ಮನೆಗೆ ಸಮುದ್ರ ಬರಲಿಲ್ಲ, ಗಾಳಿ ಬಂತು.

ಆ ಹೊತ್ತಿಗೆ ಯಾವ ತಯಾರಿಯೂ ಆಗಿರಲಿಲ್ಲ. ನಮ್ಮಲ್ಲಿ ಮಳೆಗಾಲದ ಕೆಲಸ ಮುಗಿಸಲು ಎಲ್ಲರ ಮನಸ್ಸಿನಲ್ಲೂ ಇರುವ ಗಡುವು ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ. ಮೇ 24, 25ರ ಹೊತ್ತಿಗೆ ಕಟ್ಟಿಗೆ ಒಳಗೆ ಬರಬೇಕು, ಜಗಲಿಗೆ ತೆಂಗಿನ ಮಡಲಿನ (ಗರಿಯ) ತಟ್ಟಿ ಕಟ್ಟಿಯಾಗಬೇಕು. ತೌಕ್ತೆ ಅದಕ್ಕಿಂತ ಹತ್ತು ದಿನ ಮೊದಲೇ ಬಂತು. ಅದರ ಮೇಲೆ ಮೇ 8ರಿಂದ ಕೇರಳದಲ್ಲಿ ಲಾಕ್‌ಡೌನ್. ಮರಗೆಲಸದ ಆಚಾರಿ ಬರುವ ಹಾಗಿಲ್ಲ, ನಾನು ಬದಿಯಡ್ಕದಿಂದ ಹೋಗುವ ಹಾಗಿಲ್ಲ. ಎಚ್ಚರಿಕೆಯ ಸಂದೇಶಗಳಲ್ಲಿ ಪ್ರತಿಸಲ ಒಂದು ಸಾಲು ಇರುತ್ತದೆ: ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿಕೊಳ್ಳಿ. ಅಕ್ಕ ಮುಚ್ಚಿಕೊಂಡಿದ್ದಳು. ಚಿಲಕವನ್ನೂ ಹಾಕಿದ್ದಳು.

ಗಾಳಿ ಬಂದ ರಾತ್ರಿ ಮೊದಲು ಹೋದದ್ದು ಅಡುಗೆಮನೆಯ ಹಿಂಬಾಗಿಲು. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಒಳಕ್ಕೆ ತೆರೆಯುತ್ತದೆ, ನಡುವಿನಲ್ಲಿ ಒಂದೇ ಒಂದು ಚಿಲಕ. ಚಿಲಕ ಮುರಿಯಲಿಲ್ಲ ಎಂಬುದನ್ನು ಗಮನಿಸಿ. ಚಿಲಕದ ಕೊಂಡಿಯನ್ನು ದಾರಂದಕ್ಕೆ, ಅಂದರೆ ಬಾಗಿಲಿನ ಚೌಕಟ್ಟಿಗೆ ಹಿಡಿದಿದ್ದ ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂಗಳು ಮರದಿಂದ ಕಿತ್ತು ಬಂದವು. ಬಾಗಿಲು ಧಡಾರನೆ ತೆರೆದುಕೊಂಡು ಗಾಳಿ ಒಳಗೆ ನುಗ್ಗಿತು, ಕೆಲವೇ ನಿಮಿಷದಲ್ಲಿ ಅಡುಗೆಮನೆಯ ಮಾಡಿನ ಹಂಚು ಒಳಗಿನಿಂದ ಮೇಲಕ್ಕೆ ಎದ್ದು ಹಾರಿತು. ಅರುವತ್ತಕ್ಕೂ ಹೆಚ್ಚು ಹಂಚು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಎಲ್ಲಿಂದಲೋ ಹಾರಿ ಬಂದ ತೆಂಗಿನ ಒಣಮಡಲಿನ ಬುಡ ಮಲಗುವ ಕೋಣೆಯ ಪಡು ಕಿಟಕಿಯ ಗಾಜು ಒಡೆಯಿತು. ಚೂರುಗಳು ಸರಳಿನ ಸಂದಿನಿಂದ ಹಾಸಿಗೆಯ ಮೇಲೆ ಬಿದ್ದವು. ಅಕ್ಕನ ಮಗಳು ಆಗಷ್ಟೇ ಎದ್ದು ಅಜ್ಜಿಯ ಕೋಣೆಗೆ ಹೋಗಿದ್ದಳು. ಈಗಲೂ ಆ ಮಾತು ಬಂದರೆ ಅಕ್ಕ ಸುಮ್ಮನಾಗುತ್ತಾಳೆ.

ನಾನು ಶಾಲೆಯಲ್ಲಿ ಗಣಿತ, ವಿಜ್ಞಾನ ಪಾಠ ಮಾಡುವವನು. ಮನೆ ಕಟ್ಟುವ ಕಸುಬಿನವನಲ್ಲ. ಆದರೆ ಆ ಬಾಗಿಲು ಯಾಕೆ ಹೋಯಿತು ಎಂದು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಅಂತ ನನಗೆ ಅನಿಸಿತು. ಹಾಗಾಗಿ ಲೆಕ್ಕದಿಂದ ಶುರು ಮಾಡಿದೆ.

ಕಟ್ಟಡಗಳ ಮೇಲೆ ಗಾಳಿ ಎಷ್ಟು ಒತ್ತುತ್ತದೆ ಎಂದು ಹೇಳುವ ಒಂದು ಭಾರತೀಯ ಮಾನಕ ಇದೆ, ಐಎಸ್ 875ರ ಮೂರನೇ ಭಾಗ. ಅದರಲ್ಲಿ ಮಂಗಳೂರಿಗೂ ಕೋಝಿಕ್ಕೋಡಿಗೂ ಲೆಕ್ಕಕ್ಕೆ ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 39 ಮೀಟರು. ನಾವು ಇರುವುದು ಈ ಎರಡರ ನಡುವೆ. ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರು ವೇಗದ ಬೀಸು. ಇದು ದಿನನಿತ್ಯದ ಗಾಳಿಯಲ್ಲ, 50 ವರ್ಷಕ್ಕೊಮ್ಮೆ ಬರಬಹುದು ಅಂತ ಹಿಡಿಯುವ ಗಾಳಿ. ಒತ್ತಡ ತೆಗೆಯುವುದು ಸುಲಭ: ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂದು ಸಿಗುತ್ತದೆ. 39ಕ್ಕೆ ಅದು ಸುಮಾರು 913. ತೂಕದ ಭಾಷೆಯಲ್ಲಿ ಹೇಳಿದರೆ ಚದರ ಮೀಟರಿಗೆ 93 ಕಿಲೋ. ನಾಲ್ಕಡಿಗೆ ನಾಲ್ಕಡಿ ಕಿಟಕಿಯ ಮೇಲೆ 138 ಕಿಲೋ. ಮೂರಡಿ ಅಗಲ ಏಳಡಿ ಎತ್ತರದ ಬಾಗಿಲಿನ ಮೇಲೆ 180 ಕಿಲೋ ದಾಟುತ್ತದೆ. ಇಬ್ಬರು ಮೂವರು ಗಂಡಸರು ಒಟ್ಟಿಗೆ ಬಾಗಿಲಿಗೆ ಒರಗಿ ನಿಂತ ಹಾಗೆ. ಅದನ್ನು ತಡೆಯಲು ನಾವು ಇಟ್ಟದ್ದು ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂ.

ವರ್ಗ ಇರುವುದರಿಂದ ಇನ್ನೊಂದು ವಿಷಯವೂ ಇದೆ. ವೇಗ ಅರ್ಧವಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಗಂಟೆಗೆ 70 ಕಿಲೋಮೀಟರಿನ ಗಾಳಿಗೆ ಅದೇ ಕಿಟಕಿಯ ಮೇಲೆ ಸುಮಾರು 34 ಕಿಲೋ ಅಷ್ಟೆ. ನಮ್ಮ ಮಳೆಗಾಲದಲ್ಲಿ ಬರುವ ಗಾಳಿಯಲ್ಲಿ ಹೆಚ್ಚಿನದು ಈ ಮಟ್ಟದ್ದೇ ಅಥವಾ ಇದಕ್ಕಿಂತ ಕಡಿಮೆ. ಹಾಗಾಗಿ ಕಡಿಮೆ ಖರ್ಚಿನಲ್ಲಿ ಮಾಡಿದ ಕೆಲಸಕ್ಕೂ ಇಲ್ಲಿ ಅರ್ಥ ಇದೆ. ಇದು ನನಗೆ ಧೈರ್ಯ ಕೊಟ್ಟ ಲೆಕ್ಕ.

ಮಾಡು ಯಾಕೆ ಹಾರಿತು ಅನ್ನುವುದೂ ಇದರೊಳಗೇ ಇದೆ. ಗಾಳಿ ಮನೆಯ ಮೇಲಿಂದ ಹಾದು ಹೋಗುವಾಗ ಹಂಚನ್ನು ಹೊರಗಿನಿಂದ ಮೇಲಕ್ಕೆ ಎಳೆಯುತ್ತಿರುತ್ತದೆ. ಬಾಗಿಲು ಮುಚ್ಚಿರುವವರೆಗೆ ಅಷ್ಟೇ. ಗಾಳಿ ಬೀಸುವ ಬದಿಯ ಬಾಗಿಲು ತೆರೆದುಕೊಂಡಿತೋ, ಒಳಗೂ ಗಾಳಿ ತುಂಬಿ ಹಂಚನ್ನು ಕೆಳಗಿನಿಂದ ನೂಕುತ್ತದೆ. ಎಳೆತವೂ ನೂಕುವಿಕೆಯೂ ಸೇರಿಕೊಳ್ಳುತ್ತವೆ. ಅದಕ್ಕೇ ಬಾಗಿಲು ಕಿಟಕಿ ಕಾಯುವುದೆಂದರೆ ಮಾಡನ್ನೂ ಕಾಯುವುದೇ. ಚಂಡಮಾರುತ ಬಂದಾಗ ಒಂದು ಕಿಟಕಿ ಸ್ವಲ್ಪ ತೆರೆದಿಡಬೇಕು, ಒತ್ತಡ ಸರಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಜಿನ ಮೇಲೆ ಅಡ್ಡಡ್ಡ ಟೇಪು ಅಂಟಿಸುವುದೂ ಅಷ್ಟೇ. ಗಾಜು ಒಡೆಯುವುದನ್ನು ಅದು ತಡೆಯುವುದಿಲ್ಲ, ಚೂರುಗಳು ಇನ್ನೂ ದೊಡ್ಡದಾಗಿ ಬೀಳಬಹುದು.

2022ರ ಜನವರಿಯಲ್ಲಿ ಬೆಲೆ ಕೇಳಲು ಹೊರಟೆವು. ಅಕ್ಕನ ಕೈಯಲ್ಲಿದ್ದದ್ದು 25,000 ರೂಪಾಯಿ. ಹಂಚಿಗೆ, ರೀಪಿಗೆ ಆಗಲೇ ಬೇರೆ ಖರ್ಚಾಗಿತ್ತು.

ಮೊದಲನೇ ಅಂಗಡಿಯವರು ತೋರಿಸಿದ್ದು ಅಲ್ಯೂಮಿನಿಯಂ ರೋಲಿಂಗ್ ಶಟರು. ಒಳಗೆ ಕುಳಿತೇ ಇಳಿಸಬಹುದು, ನೋಡಲೂ ಚೆಂದ. ಚದರಡಿಗೆ 1,100. ಎಲ್ಲಾ ಕಿಟಕಿಗೆ ಒಂದು ಲಕ್ಷದ ಅರುವತ್ತು ಸಾವಿರದ ಹತ್ತಿರ. ಇನ್ನೊಬ್ಬರು ಹಳೇ ಮರದ ಕಿಟಕಿ ಕಿತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿ, ಟಫನ್ಡ್ ಗಾಜು ಕೊಡುತ್ತೇವೆ, ಏನೂ ಆಗದು ಎಂದರು. ಅದೂ ಲಕ್ಷ ದಾಟಿತು. ಟಫನ್ಡ್ ಗಾಜು ಮಾಮೂಲಿ ಗಾಜಿಗಿಂತ ಗಟ್ಟಿ ಹೌದು, ಒಡೆದರೆ ಕಲ್ಲುಸಕ್ಕರೆಯ ಹಾಗೆ ಸಣ್ಣ ಚೂರಾಗುತ್ತದೆ, ಕೊಯ್ಯುವುದು ಕಡಿಮೆ. ಆದರೆ ಒಡೆದ ಮೇಲೆ ಅಲ್ಲಿ ತೂತೇ ಉಳಿಯುವುದು, ಗಾಳಿ ಒಳಗೆ ಬರುತ್ತದೆ. ಒಡೆದರೂ ಜಾಗದಲ್ಲೇ ಅಂಟಿಕೊಂಡು ನಿಲ್ಲುವುದು ಲ್ಯಾಮಿನೇಟೆಡ್ ಗಾಜು, ನಡುವೆ ಪ್ಲಾಸ್ಟಿಕ್ ಪದರ ಇರುವಂಥದ್ದು. ಹೊಸ ಮನೆ ಕಟ್ಟುವವರು, ಕೈಯಲ್ಲಿ ಹಣ ಇರುವವರು ಅದನ್ನು ಕೇಳಿ. ಈ ವ್ಯತ್ಯಾಸ ನಮಗೆ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ಅದು ನನಗೆ ಬೇಸರ ತಂದಿತು.

ಮಡಲಿನ ತಟ್ಟಿಯನ್ನೇ ದಪ್ಪಕ್ಕೆ ಕಟ್ಟಿದರೆ ಸಾಲದೇ ಎಂದು ಅಕ್ಕನ ಅತ್ತೆ ಕೇಳಿದರು. ತಟ್ಟಿಯ ಬಗ್ಗೆ ನನಗೆ ಗೌರವ ಇದೆ. ಎರಚಲು ತಡೆಯಲು ಅಷ್ಟು ಒಳ್ಳೆಯದು, ಅಷ್ಟು ಅಗ್ಗದ್ದು ಇನ್ನೊಂದಿಲ್ಲ. ಆದರೆ ಅದು ಗಾಳಿಯನ್ನು ಸೋಸುತ್ತದೆ, ತಡೆಯುವುದಿಲ್ಲ. ಹಾರಿ ಬರುವ ವಸ್ತುವಿಗೆ ಅದು ಅಡ್ಡ ನಿಲ್ಲಲಾರದು. ಜಗಲಿಗೆ ಈಗಲೂ ಅದನ್ನೇ ಕಟ್ಟುತ್ತೇವೆ.

ಕೆಲಸದ ದಾರಿ ತೋರಿಸಿದವರು ಊರಿನ ಹಿರಿಯ ಆಚಾರಿ. ಅವರು ಮನೆಗೆ ಒಂದು ಸುತ್ತು ಬಂದು ಹಲಗೆಯ ಮಾತೇ ಎತ್ತಲಿಲ್ಲ. ಪ್ರತಿ ದಾರಂದವನ್ನೂ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಪಡು ಕಿಟಕಿಯ ಒಂದು ದಾರಂದ ಕುಲುಕಿತು. ದಾರಂದವನ್ನು ಗೋಡೆಗೆ ಹಿಡಿದಿಡುವ ಹೋಲ್ಡ್‌ಫಾಸ್ಟಿನ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿದು ಪುಡಿಯಾಗಿತ್ತು. "ಅಕ್ಕಾ, ಇದರ ಮೇಲೆ ನೀವು ಉಕ್ಕಿನ ಹಲಗೆ ಇಟ್ಟರೂ ಪ್ರಯೋಜನ ಇಲ್ಲ. ಹಲಗೆ, ದಾರಂದ ಎರಡೂ ಒಟ್ಟಿಗೆ ಒಳಗೆ ಬರುತ್ತವೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮಾಷ್ಟ್ರೇ, ಹಿಂದಿನ ಮನೆಗಳ ಅಗುಳಿ ನೋಡಿದ್ದೀರಲ್ಲ?" ಎಂದು ಕೇಳಿದರು.

ನೋಡಿದ್ದೆ. ನಮ್ಮ ಅಜ್ಜನ ಮನೆಯಲ್ಲೇ ಇತ್ತು. ಬಾಗಿಲಿನ ಹಿಂದೆ ಗೋಡೆಯೊಳಗೆ ತೂತು, ಅದರಿಂದ ಎಳೆದರೆ ಕೈಯಷ್ಟು ದಪ್ಪದ ಮರದ ದಂಡ ಹೊರಬಂದು ಬಾಗಿಲಿಗೆ ಅಡ್ಡ ನಿಂತು ಆಚೆ ಗೋಡೆಯ ತೂತಿಗೆ ಸೇರುತ್ತಿತ್ತು. ಬಾಗಿಲಿನ ಮೇಲೆ ಬಿದ್ದ ಭಾರವನ್ನು ಅದು ಸ್ಕ್ರೂವಿಗೆ ಕೊಡದೆ ಎರಡು ಕಡೆಯ ಗೋಡೆಗೆ ಹಂಚುತ್ತಿತ್ತು. ಕಳ್ಳರಿಗೆಂದು ಇಟ್ಟದ್ದು, ಗಾಳಿಗೂ ಆಗುತ್ತಿತ್ತು.

ಅಡುಗೆಮನೆಯ ಬಾಗಿಲಿಗೆ ಅದನ್ನೇ ಈಗಿನ ಸಾಮಾನಿನಲ್ಲಿ ಮಾಡಿಸಿದೆವು. ಗ್ಯಾಲ್ವನೈಸ್ ಮಾಡಿದ ಚೌಕ ಪೈಪು, ಎರಡು ಬದಿಗೂ ಕೊಕ್ಕೆ. ಕೊಕ್ಕೆಯನ್ನು ಎಲ್ಲಿ ಹಿಡಿಸುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಮುರಕಲ್ಲು ಮೆತ್ತಗಿನ ಕಲ್ಲು, ಅದರಲ್ಲಿ ತೂತು ಬೇರೆ. ಕಾಂಕ್ರೀಟಿಗೆ ಹಾಕುವ ಹಿಗ್ಗುವ ಆಂಕರ್ ಬೋಲ್ಟನ್ನು ಅದಕ್ಕೆ ಹೊಡೆದರೆ ಬಿಗಿಯುವಾಗಲೇ ಕಲ್ಲು ಒಳಗೆ ಪುಡಿಯಾಗುತ್ತದೆ. ವೆಲ್ಡಿಂಗ್‌ನ ಹುಡುಗ ಮೊದಲು ಹಾಗೇ ಹಾಕಿದ್ದ, ಕೈಯಲ್ಲಿ ಎಳೆದರೆ ಬಂತು. ಕೊನೆಗೆ ಕೊಕ್ಕೆಗಳನ್ನು ದಾರಂದಕ್ಕೇ ಹಿಡಿಸಿದೆವು, ಮೂರು ಇಂಚಿನ ಸ್ಕ್ರೂ ಹಾಕಿ. ದಾರಂದ ಕಿರಾಲುಬೋಗಿ ಮರದ್ದು, ಕಬ್ಬಿಣದ ಹಾಗೆ ಇದೆ. ಅದು ಅಲ್ಲಾಡದ ಹಾಗೆ ಗೋಡೆಯ ಬದಿಯನ್ನು ಕೊರೆದು ಹೊಸ ಹೋಲ್ಡ್‌ಫಾಸ್ಟ್ ಇಟ್ಟು ಸಿಮೆಂಟು ತುಂಬಿಸಿದೆವು. ಬಾಗಿಲಿಗೆ ಎರಡು ತಿರುಗಣೆ (ಹಿಂಜ್) ಇತ್ತು, ಮೂರನೆಯದು ಸೇರಿಸಿದೆವು. ಕೊಂಡಿಗಳಿಗೂ ಉದ್ದ ಸ್ಕ್ರೂ.

ಎದುರಿನ ಜೋಡಿ ಬಾಗಿಲು ಪೂರ್ವಕ್ಕಿದೆ. ಸಮುದ್ರ ಅಲ್ಲಿಲ್ಲವಲ್ಲ, ಬಿಡೋಣ ಎಂದು ನಾನು ಹೇಳಿದೆ. ಅಕ್ಕ ಒಪ್ಪಲಿಲ್ಲ. "ಏಪ್ರಿಲ್‌ನ ಗುಡುಗುಮಳೆ ಎಲ್ಲಿಂದ ಬರುತ್ತದೆ ಹೇಳು, ಮೂಡಿನಿಂದ ಅಲ್ವಾ? ಆಗ ಈ ಬಾಗಿಲು ಹೇಗೆ ನಡುಗುತ್ತದೆ ಅಂತ ನಿನಗೆ ಗೊತ್ತಿಲ್ಲ" ಎಂದಳು. ಅವಳು ಹೇಳಿದ್ದು ಸರಿ. ಘಟ್ಟದ ಕಡೆಯಿಂದ ಸಂಜೆ ಬರುವ ಮಳೆಗೆ ಮುಂಚಿನ ಬೀಸು ಸಣ್ಣದಲ್ಲ. ಜೋಡಿ ಬಾಗಿಲಿನಲ್ಲಿ ಒಂದು ಎಸಳು (ಕದ) ಇನ್ನೊಂದರ ಆಧಾರದಲ್ಲೇ ನಿಂತಿರುತ್ತದೆ, ನಡುವೆ ಗಟ್ಟಿ ಇರುವುದಿಲ್ಲ. ಮೊದಲು ಮುಚ್ಚುವ ಎಸಳಿಗೆ ಮೇಲೆ ಕೆಳಗೆ ಒಂದೊಂದಡಿ ಉದ್ದದ ಟವರ್ ಬೋಲ್ಟ್ ಹಾಕಿ, ಕೆಳಗಿನದು ನೆಲದೊಳಗೆ ಒಂದೂವರೆ ಇಂಚು ಇಳಿಯುವಂತೆ ಮಾಡಿಸಿದೆವು. ನಡುಕ ನಿಂತಿತು.

ಇನ್ನು ಕಿಟಕಿ. ಹನ್ನೊಂದಕ್ಕೂ ಸಮಾನವಾಗಿ ಹಣ ಹಂಚುವ ಯೋಚನೆಯನ್ನೇ ಬಿಟ್ಟೆವು. ನಮ್ಮಲ್ಲಿ ಮಳೆಗಾಲದ ದೊಡ್ಡ ಗಾಳಿ ಪಡುವಿನಿಂದ, ನೈಋತ್ಯದಿಂದ ಬರುವುದು. ಪಡುವಿಗೆ ಎರಡು ದೊಡ್ಡ ಕಿಟಕಿ, ತೆಂಕಿಗೆ ಮೂರು ಸಣ್ಣವು. ಈ ಐದೇ ನಮ್ಮ ಕೆಲಸ. ಬಡಗಿನ ಮತ್ತು ಮೂಡಿನ ಆರರಲ್ಲಿ ಕೊಕ್ಕೆ, ಚಿಲಕ ಬದಲಾಯಿಸಿದ್ದು ಮಾತ್ರ.

ತೆಂಕಿನ ಮೂರಕ್ಕೆ ಆಚಾರಿ ಬಹಳ ಸುಲಭದ ಉಪಾಯ ಹೇಳಿದರು. ಆರು ಎಸಳಿನಿಂದ ಗಾಜು ತೆಗೆದು ಅದೇ ಚೌಕಟ್ಟಿಗೆ ಪ್ಲೈವುಡ್ ಕೂರಿಸಿದರು. ಹಿಂದಿನ ಕಾಲದ ಮರದ ಎಸಳಿನ ಹಾಗೆ. ಮುಚ್ಚಿದರೆ ಕೋಣೆ ಕತ್ತಲು, ಅದೊಂದೇ ತೊಂದರೆ. ಮುಚ್ಚುವುದು ಮಳೆಗಾಳಿಗೆ ಮಾತ್ರ ಎಂದ ಮೇಲೆ ಅಕ್ಕ ಒಪ್ಪಿದಳು. ಕೂಲಿಯೂ ಸೇರಿ 2,400. ಇಡೀ ಕೆಲಸದಲ್ಲಿ ಖರ್ಚಿಗೆ ಹೋಲಿಸಿದರೆ ಹೆಚ್ಚು ಫಲ ಕೊಟ್ಟದ್ದು ಇದೇ ಅಂತ ನನ್ನ ಅಭಿಪ್ರಾಯ.

ಪಡುವಿನ ಎರಡು ಕಿಟಕಿಯಲ್ಲಿ ಬೆಳಕು ಬೇಕು, ಗಾಜು ತೆಗೆಯುವ ಹಾಗಿಲ್ಲ. ಅವಕ್ಕೆ ಹೊರಗಿನಿಂದ ಕೂರಿಸಿ ತೆಗೆಯುವ ಪ್ಲೈ ಹಲಗೆ. ದಾರಂದದ ಹೊರ ಅಳತೆ ಸರಿಯಾಗಿ ನಾಲ್ಕಡಿಗೆ ನಾಲ್ಕಡಿ, ನಡುವೆ ಮರದ ಕಂಬ. ಹಾಗಾಗಿ ಎಂಟಕ್ಕೆ ನಾಲ್ಕರ ಒಂದೇ ಶೀಟು ಎರಡೂ ಕಿಟಕಿಗೆ ಸಾಕಾಯಿತು, ಎರಡಡಿ ಅಗಲದ ನಾಲ್ಕು ತುಂಡು. ಇಲ್ಲಿ ನಾನೂ ಆಚಾರಿಯೂ ತುಂಬಾ ಮಾತಾಡಿದೆವು. ಚಂಡಮಾರುತ ಜಾಸ್ತಿ ಬರುವ ಅಮೆರಿಕದಲ್ಲಿ ಕಿಟಕಿಗೆ ಐದೆಂಟಂಶ ಇಂಚು, ಅಂದರೆ 16 ಮಿಲಿಮೀಟರಿನ ಪ್ಲೈವುಡ್ ಹಾಕಲು ಹೇಳುತ್ತಾರೆ. ನಾನು 18 ಮಿಲಿಮೀಟರು ತರೋಣ ಎಂದೆ. ಒಂದು ತುಂಡು ಒಂಬತ್ತು ಕಿಲೋ ದಾಟುತ್ತದೆ. ಗಾಳಿ ಶುರುವಾದ ಮೇಲೆ ಅದನ್ನು ಎದೆಮಟ್ಟಕ್ಕೆ ಎತ್ತಿ ಹಿಡಿಯಬೇಕಾದವಳು ಅಕ್ಕ, ನಾನಲ್ಲ. 12 ಮಿಲಿಮೀಟರಿನದ್ದು ಆರು ಕಿಲೋ. ನಡುವಿನ ಕಂಬಕ್ಕೂ ಬೋಲ್ಟ್ ಬೀಳುವುದರಿಂದ ಹಲಗೆಗೆ ಆಧಾರವಿಲ್ಲದ ಅಗಲ ಎರಡಡಿಗಿಂತ ಕಡಿಮೆ. 12 ಎಂದು ತೀರ್ಮಾನಿಸಿದೆವು. ನಡುಗಂಬ ಇಲ್ಲದ ಅಗಲದ ಕಿಟಕಿಯಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಪ್ಲೈ ಮಾಮೂಲಿಯದ್ದು ಬೇಡ, ಐಎಸ್ 710 ಎಂದು ಮುದ್ರೆ ಇರುವ ಮೆರೈನ್ ಪ್ಲೈ ಬೇಕು. ಬೋಲ್ಟು 8 ಮಿಲಿಮೀಟರಿನ ಹ್ಯಾಂಗರ್ ಬೋಲ್ಟ್: ಒಂದು ತುದಿ ಮರಕ್ಕೆ ಸ್ಕ್ರೂವಿನ ಹಾಗೆ ಇಳಿಯುತ್ತದೆ, ಹೊರಗೆ ಉಳಿದ ತುದಿಗೆ ನಟ್ ಹಾಕಬಹುದು. ಒಂದೊಂದು ಹಲಗೆಗೆ ಎಂಟು, ಒಟ್ಟು 32. ಸ್ಪ್ಯಾನರ್ ಹುಡುಕುವ ಕೆಲಸ ಬೇಡ ಅಂತ ಕೈಯಲ್ಲೇ ತಿರುಗಿಸುವ ವಿಂಗ್ ನಟ್, ಅಡಿಗೆ ದೊಡ್ಡ ವಾಶರ್. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ದರ್ಜೆಯದ್ದು ಎಲ್ಲ ಕಡೆ ಸಿಗುತ್ತದೆ, 316 ಸ್ವಲ್ಪ ದುಬಾರಿ. 316ರಲ್ಲಿ ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪಿಗೆ ಹೆಚ್ಚು ತಾಳುತ್ತದೆ. ಕಡಲ ಹತ್ತಿರದವರು ಇಲ್ಲಿ ಉಳಿಸಲು ಹೋಗಬೇಡಿ. 32 ಬೋಲ್ಟಿಗೆ ನಮಗೆ ಆದದ್ದು 1,760.

ಪೂರ್ತಿ ಲೆಕ್ಕ ಹೀಗಿದೆ. ಪ್ಲೈ ಶೀಟು 3,040, ಬೋಲ್ಟು 1,760, ಪ್ರೈಮರ್ ಮತ್ತು ಪೈಂಟು 650, ತೆಂಕಿನ ಆರು ಎಸಳು 2,400, ಅಡುಗೆಮನೆ ಬಾಗಿಲಿನ ಅಗುಳಿ, ತಿರುಗಣೆ ಎಲ್ಲ ಸೇರಿ 2,850, ಎದುರು ಬಾಗಿಲು ಮತ್ತು ಉಳಿದ ಕಿಟಕಿಗಳ ಚಿಲಕ, ಕೊಕ್ಕೆ 1,900, ಬಚ್ಚಲಿನ ಗಾಳಿಕಿಂಡಿಯ ಗಾಜಿನ ಪಟ್ಟಿಗಳಿಗೆ (ಲೂವರ್) ಹೊರಗಿನಿಂದ ಪಾಲಿಕಾರ್ಬೊನೇಟ್ ಮರೆ 900, ದಾರಂದ ಗಟ್ಟಿ ಮಾಡಿದ ಮೇಸ್ತ್ರಿಗೆ 1,500, ಆಚಾರಿಯ ಮೂರು ದಿನದ ಕೂಲಿ 3,600. ಒಟ್ಟು 18,600. ಉಳಿದ ಹಣದಲ್ಲಿ ಪಡುಬದಿಯ ತೆಂಗಿನ ಮರಗಳ ಒಣಮಡಲು, ಕಾಯಿ ತೆಗೆಸಿ, ಹಟ್ಟಿಯ ಮೇಲೆ ಸಡಿಲವಾಗಿದ್ದ ಎರಡು ತಗಡಿನ ಶೀಟು ಬಿಗಿಸಿದೆವು. ಕಿಟಕಿ ಒಡೆದದ್ದು ನಮ್ಮದೇ ಹಿತ್ತಿಲಿನ ಮಡಲು ಇರಬಹುದಲ್ಲ.

ಎಲ್ಲವೂ ಮೊದಲ ಸಲಕ್ಕೇ ಸರಿಯಾಗಲಿಲ್ಲ. ಹಲಗೆಯ ಎರಡು ಮುಖಕ್ಕೂ ಪೈಂಟು ಬಳಿದಿದ್ದೆವು, ಕತ್ತರಿಸಿದ ಅಂಚಿಗೆ ಸರಿಯಾಗಿ ಬಳಿಯಲಿಲ್ಲ. ಜೂನ್‌ನ ಮೊದಲ ಹದಿನೈದು ದಿನದಲ್ಲೇ ಅಂಚು ನೀರು ಕುಡಿದು ಉಬ್ಬಿತು, ಎರಡು ಹಲಗೆ ಬೋಲ್ಟಿಗೆ ಕೂರಲೇ ಇಲ್ಲ. ಒಣಗಿಸಿ, ಉಜ್ಜಿ, ಅಂಚಿಗೆ ಮೂರು ಕೈ ಪೈಂಟು ಕೊಟ್ಟು, ತೂತನ್ನು ಒಂದು ನೂಲು ದೊಡ್ಡದು ಮಾಡಬೇಕಾಯಿತು. ಇನ್ನೊಂದು, ಹಲಗೆಗೆ ಗುರುತು ಹಾಕಿರಲಿಲ್ಲ. ಯಾವುದು ಯಾವ ಕಿಟಕಿಯ ಯಾವ ಬದಿಗೆ ಎಂದು ಟಾರ್ಚಿನ ಬೆಳಕಿನಲ್ಲಿ ಹುಡುಕುವಾಗ ಎಷ್ಟು ಕಷ್ಟ ಎಂದು ಒಂದು ಸಂಜೆ ಅಭ್ಯಾಸ ಮಾಡಿದಾಗಲೇ ಗೊತ್ತಾದದ್ದು. ಈಗ ಒಳಮುಖದಲ್ಲಿ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು, ಮೇಲ್ಮುಖಕ್ಕೆ ಬಾಣ ಹಾಕಿದೆ. ಮೊದಲ ಸಲ ನಾಲ್ಕನ್ನೂ ಕೂರಿಸಲು ಅಕ್ಕನಿಗೂ ಅವಳ ಮಗಳಿಗೂ ನಲವತ್ತು ನಿಮಿಷ ಬೇಕಾಯಿತು. ಈಗ ಹದಿನೈದು ನಿಮಿಷ. ಹಲಗೆಗಳು ಮಂಚದ ಕೆಳಗೆ ಇರುತ್ತವೆ, ವಿಂಗ್ ನಟ್‌ಗಳು ಮಲಗುವ ಕೋಣೆಯ ಕಪಾಟಿನಲ್ಲಿ ಒಂದು ಡಬ್ಬಿಯಲ್ಲಿ. ಆರೆಂಜ್ ಅಲರ್ಟ್ ಬಂದರೆ ಹಗಲಲ್ಲೇ ಕೂರಿಸಬೇಕು, ಗಾಳಿ ಎದ್ದ ಮೇಲೆ ಹೊರಗೆ ಇಳಿಯುವಂತಿಲ್ಲ ಎಂದು ಮನೆಯಲ್ಲಿ ಮಾತಾಗಿದೆ.

ಹೊರಗಿನಿಂದ ಹಲಗೆ ಹಾಕುವಾಗ ಒಂದು ಮಾತು ಮರೆಯಬಾರದು. ಬೆಂಕಿಯೋ ಇನ್ನೇನೋ ಆದರೆ ಮನೆಯಿಂದ ಹೊರಬೀಳಲು ಎರಡು ದಾರಿ ಇರಲೇಬೇಕು. ನಮ್ಮ ಅಗುಳಿ ಒಳಗಿನಿಂದ ಒಂದೇ ಕೈಯಲ್ಲಿ ಎತ್ತುವ ಹಾಗಿದೆ, ಅಕ್ಕನ ಅತ್ತೆಯೂ ಎತ್ತಿ ನೋಡಿದ್ದಾರೆ.

ಆ ವರ್ಷದ ಆಟಿಯಲ್ಲಿ (ಜುಲೈ, ಆಗಸ್ಟ್ ಹೊತ್ತಿನ ತುಳು ತಿಂಗಳು) ಒಂದು ರಾತ್ರಿ ಜೋರು ಗಾಳಿ ಬಂತು, ತೌಕ್ತೆಯಷ್ಟಲ್ಲ, ಆದರೂ ಪಕ್ಕದ ಹಿತ್ತಿಲಿನಲ್ಲಿ ಎರಡು ಅಡಿಕೆ ಮರ ಮುರಿದವು. ಬೆಳಿಗ್ಗೆ ಆರಕ್ಕೆ ಅಕ್ಕ ಫೋನ್ ಮಾಡಿದಳು. "ಅಡುಗೆಮನೆಯಲ್ಲಿ ನೆಲ ಒಣಗಿಯೇ ಇದೆ ತಮ್ಮಾ" ಎಂದಳು. ನಿಜ ಹೇಳಬೇಕೆಂದರೆ ಪೂರ್ತಿ ಒಣಗಿರಲಿಲ್ಲ, ಬಾಗಿಲಿನ ಅಡಿಯಿಂದ ಸ್ವಲ್ಪ ನೀರು ಬಂದಿತ್ತು. ಹಳೆಯ ಮನೆಗಳ ಎತ್ತರದ ಹೊಸ್ತಿಲು ಈಗ ಇಲ್ಲವಲ್ಲ. ಅಲ್ಲಿಗೆ ಒಂದಿಂಚು ಎತ್ತರದ ಗ್ರಾನೈಟ್ ಪಟ್ಟಿ ಕೂರಿಸಿ, ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಹೊಡೆಸಿದ್ದು ಆಮೇಲೆ.

ನೇರ ಕಡಲದಡದಲ್ಲಿ ಇರುವವರಿಗೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಅಲ್ಲಿ ಗಾಳಿಗಿಂತ ಮೊದಲು ಬುಡದ ಮಣ್ಣಿನ ಚಿಂತೆ, ಅದಕ್ಕೆ ಕಿಟಕಿಯ ಹಲಗೆ ಉತ್ತರವಲ್ಲ. ಪಡುಬದಿಗೆ ದೊಡ್ಡ ಗಾಜಿನ ಗೋಡೆ ಇಟ್ಟವರೂ ಇಂಜಿನಿಯರನ್ನೇ ಕೇಳಬೇಕು.

ಈ ಮಾರ್ಚಿನಲ್ಲಿ ಹೋದಾಗ 32 ಬೋಲ್ಟಿಗೂ ನಟ್ ಹಾಕಿ ತೆಗೆದು ನೋಡಿದೆ. ಮೂವತ್ತು ಸಲೀಸಾಗಿ ತಿರುಗಿದವು, ಎರಡಕ್ಕೆ ಉಪ್ಪು ಕಟ್ಟಿತ್ತು, ಗ್ರೀಸ್ ಹಚ್ಚಿದ ಮೇಲೆ ಬಿಟ್ಟುಕೊಂಡವು. ಎರಡನೇ ಕಿಟಕಿಯ ಕೆಳಪಟ್ಟಿಯ ಮೂಲೆಯಲ್ಲಿ ಮರ ಸ್ವಲ್ಪ ಮೆತ್ತಗಾಗಿದೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಅಲ್ಲಿಯ ಬೋಲ್ಟನ್ನು ಎರಡು ಇಂಚು ಆಚೆಗೆ ಸರಿಸಬೇಕು. ಪತ್ತನಾಜೆಯೊಳಗೆ ಬರುತ್ತೇನೆ ಎಂದು ಆಚಾರಿ ಹೇಳಿದ್ದಾರೆ. ಏಪ್ರಿಲ್ ಮುಗಿಯುವುದರೊಳಗೇ ಬನ್ನಿ ಎಂದು ಅಕ್ಕ ಕೇಳಿಕೊಂಡಿದ್ದಾಳೆ.